ಕರುಳಿನ ಮಾತು

ಕನ್ನಡಿಗರು ಕರುಳಿಗೆ ಕೊಟ್ಟಿರುವ ಮರ್ಯಾದೆ ಸಾಮಾನ್ಯವಾದುದಲ್ಲ. ಹೆತ್ತ ಮಕ್ಕಳು ಕರುಳಕುಡಿ. ಪರರ ದುಃಖ ಕಂಡರೆ ಚುರುಕ್ಕೆನ್ನುವುದೂ ಕರುಳೇ. ಆದರೆ ಆ ಕರುಳಿಗೇ ಬೇನೆ ಬಂದಿತೆನ್ನಿ, ನಾಲಗೆ ಹಿಂದೆಗೆಯುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಮ್ಮ ಸೀಮೆಯಲ್ಲಿ ಎಲ್ಲಿಯೇ ಆಗಲಿ, ಮಲದಲ್ಲಿ ರಕ್ತ ಕಂಡರೆ ‘ಮೂಲವ್ಯಾಧಿ’ ಎಂದು ಪಿಸುಗುಟ್ಟಿ ಸುಮ್ಮನಾಗುವವರೇ ಹೆಚ್ಚು.

ನನ್ನ ಅಕ್ಕನ ಮಗನಿಗೂ ಹಾಗೆಯೇ ಎರಡು ವರ್ಷ ಕಳೆದವು. ದಿನಕ್ಕೆ ಹತ್ತು ಸಲ ಹೊರಗೆ ಓಡುವ ಹುಡುಗ ಬಸ್ಸು ಹತ್ತುವುದನ್ನೇ ಬಿಟ್ಟ. ಕೊನೆಗೆ ಕ್ಯಾಮರಾದ ನಳಿಗೆ ಇಳಿಸಿ ನೋಡಿದರೆ ದೊಡ್ಡ ಕರುಳಿನಲ್ಲಿ ಹುಣ್ಣು: ಅಲ್ಸರೇಟಿವ್ ಕೊಲೈಟಿಸ್.

“ಗುಣಾ ಆಗ್ತೈತೇನ್ರೀ ಸಾಹೇಬ್ರ?” ಎಂದಳು ಅಕ್ಕ.

“ಬೇರಸಹಿತ ಹೋಗೂದಿಲ್ರೀ ಅಕ್ಕಾರ. ಆದ್ರ ಹತೋಟ್ಯಾಗ ಇಡಬಹುದು.”

ಈ ‘ಹತೋಟಿ’ಯ ಕಥೆ ಸಣ್ಣದಲ್ಲ. 1955ರಲ್ಲಿ ಇಂಗ್ಲೆಂಡಿನ ಟ್ರುಲವ್ ಮತ್ತು ವಿಟ್ಸ್, ಕಾರ್ಟಿಸೋನಿನಿಂದ ಈ ರೋಗ ತಗ್ಗುವುದನ್ನು ಪ್ರಯೋಗದಿಂದ ತೋರಿಸಿದರು. ಇದರ ದಾಯಾದಿಯಾದ ಕ್ರೋನ್ಸ್ ರೋಗಕ್ಕೆ 1998ರಲ್ಲಿ ಅಮೆರಿಕ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಮದ್ದನ್ನು ಒಪ್ಪಿತು. ಉರಿಯೂತ ಎಬ್ಬಿಸುವ ಪ್ರೋಟೀನನ್ನೇ ಅದು ಕಟ್ಟಿಹಾಕುತ್ತದೆ. ಈಗ ಟೊಫಾಸಿಟಿನಿಬ್‌ನಂಥ ಗುಳಿಗೆಗಳೂ ಬಂದಿವೆ. ನೋವು ನಿಂತರೆ ಸಾಲದು, ಹುಣ್ಣೇ ಮಾಯಬೇಕು ಎಂಬುದು ಇಂದಿನ ವೈದ್ಯರ ಗುರಿ. ಆದರೆ ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಕ್ರೋನ್ಸ್‌ನ ವೇಷದಲ್ಲಿ ಬರುತ್ತದೆ. ಈ ಮದ್ದುಗಳು ಅಡಗಿದ ಕ್ಷಯವನ್ನು ಕೆದಕಲೂಬಲ್ಲವು. ಆ ಪರೀಕ್ಷೆ ಮೊದಲಾಗಬೇಕು.

ಹುಡುಗ ಈಗ ಸಿಂದಗಿಯ ಬಸ್ಸು ಹತ್ತುತ್ತಾನೆ. ಅಕ್ಕ “ಗುಣಾ ಆತೇನು?” ಎಂದು ಕೇಳುವುದನ್ನು ಬಿಟ್ಟಿದ್ದಾಳೆ. “ಕರಳಿನ ಗುಳಿಗಿ ತಗೊಂಡ್ಯೇನಪಾ?” ಎನ್ನುತ್ತಾಳೆ, ಬೀದಿಬಾಗಿಲಲ್ಲಿ ನಿಂತು, ನಾಲ್ಕು ಜನ ಕೇಳುವಂತೆ.