ನೀರೂ ಬೇಕು, ಅಡವೀನೂ ಬೇಕು

ಡಿಸೆಂಬರ್ ಸೂಟಿಗೆ ದಾಂಡೇಲಿಗೆ ಹೋಗಿ ಬಂದ್ವಿ ಅಂತ ಗೊತ್ತಾದ ಮ್ಯಾಲ ಓಣ್ಯಾಗ ಎಲ್ಲಾರೂ ಕೇಳೂದು ಒಂದ: ಯಾವ ಕ್ಯಾಂಪ್, ಎಷ್ಟ ಆತು? ರೊಕ್ಕದ ಲೆಕ್ಕ ಮನಿಗೆ ಬಂದ್ರ ಹೇಳತೇನಿ. ಆರಿಸಿದ್ದು ಹೆಂಗ, ಅದನ್ನ ಮೊದಲ ಕೇಳ್ರಿ.

ಮಗಳಿಗೆ ಕಾಳಿ ನದ್ಯಾಗ ರಾಫ್ಟಿಂಗ್ ಬೇಕು. ಮಗಗ ಜೀಪಿನ್ಯಾಗ ಕುಂತು ಕರಿ ಚಿರತಿ ನೋಡಬೇಕು. ನಮ್ಮತ್ತಿಗೆ ಏನೂ ಬ್ಯಾಡ. "ನೀವು ಹೋಗ್ರಿ, ನಾ ಮನಿ ಕಾಯತೇನಿ" ಅಂದ್ರು. ಮೊಣಕಾಲ ಬ್ಯಾನಿಗೆ ಅಂತಾರ ಅಂತ ನಾ ತಿಳಕೊಂಡಿದ್ದೆ. ಆಮ್ಯಾಲ ಇವರು ಹೇಳಿದ್ರು, ಅತ್ತಿ ತವರು ಹಳೇ ಸೂಪಾ. ಅವರು ಮದವಿಯಾಗಿ ಧಾರವಾಡಕ್ಕ ಬಂದ ಮ್ಯಾಲ, 1980ರ ದಶಕದಾಗ, ಡ್ಯಾಮ್ ತುಂಬಿ ಊರಿಗೂರ ಮುಳುಗಿತು. ಈಗ ತಾಲೂಕಿನ ಹೆಸರೂ ಜೋಯಿಡಾ. ಒಂದೂವರಿ ತಾಸಿನ ದಾರಿ, ಅತ್ತಿ ಆ ಕಡೆ ಮುಖಾ ಹಾಕಿರಲಿಲ್ಲ.

ಹಿಂಗಾಗಿ ನಾ ಹುಡುಕಿದ್ದು ನೀರೂ ಅಡವೀನೂ ಎರಡೂ ಒಂದ ಕಡೆ ಇರೋ ಕ್ಯಾಂಪ್. ನೀರು ಬ್ಯಾಡಾದವರು ಹಕ್ಕಿ ನೋಡಕೋತ ಕುಂಡರಬಹುದು. ಮೊದಲ ಫೋನ್ ಮಾಡಿದವರು "ವಾಟರ್ ಆ್ಯಕ್ಟಿವಿಟಿ ಎಲ್ಲಾ ಅದಾವ ಮೇಡಂ" ಅಂದ್ರು. ಫೋಟೋ ತರಿಸಿದ್ರ ಸ್ವಿಮ್ಮಿಂಗ್ ಪೂಲ್! ಇನ್ನೊಬ್ಬರ ಕಡೆ ನದಿ ಹಿತ್ತಲದಾಗ ಇತ್ತು, ಸಫಾರಿ ಮಾತ್ರ ನೀವ ಹೋಗಿ ಪಾಳಿ ಹಚ್ಚಿ ಬುಕ್ ಮಾಡಬೇಕಂತ. ಮೂರನೇದವ ಖರೇ ಹೇಳಿದ. "ತೆಪ್ಪ ನಮ್ಮ ದಂಡೀ ಮ್ಯಾಲಿಂದ, ಜೀಪ್ ಬಾಗಲಿಗೆ ಬರತದ. ರಾಫ್ಟಿಂಗ್ ಗಣೇಶಗುಡಿಯೊಳಗ, ಕರೆಂಟ್ ಮಾಡಾಕ ಡ್ಯಾಮಿನ ನೀರು ಬಿಟ್ರ ಉಂಟು, ಇಲ್ಲಾಂದ್ರ ಇಲ್ಲ. ಮಾತು ಕೊಡೂದಿಲ್ಲರಿ" ಅಂದ. ಮಾತು ಕೊಡಲಾರದವನ ಮಾತು ನಂಬಿ ಅವಗ ಅಡ್ವಾನ್ಸ್ ಕಳಿಸಿದೆ. ಅತ್ತೀನ್ನ ಒಬ್ಬರನ್ನ ಬಿಟ್ಟು ಹೋಗೂದಿಲ್ಲ ಅಂತ ಮಗಳು ಹಟಾ ಹಿಡದಳು, ಬಂದ್ರು.

ನಸಿಕಿನ್ಯಾಗ ಸಫಾರಿ. ಚಿರತಿ ಕಾಣಲಿಲ್ಲ, ಕಾಡಕೋಣ ಕಂಡ್ವು. ಮಂಗಟ್ಟೆ ಹಕ್ಕಿ ನೋಡಿ ಡ್ರೈವರ್ ಹೇಳಿದ: ತತ್ತಿ ಇಡೂ ಮುಂದ ಹೆಣ್ಣು ಗಿಡದ ಪೊಟರ್‍ಯಾಗ ಹೊಕ್ಕು ಬಾಗಲಾ ಮುಚ್ಚಕೋತದ, ಗಂಡು ಸಂದಿಯೊಳಗಿಂದ ಹಣ್ಣು ತಂದ ತಿನಸತದ. "ಬಾಣಂತನಾ ಗಂಡನ ಮಾಡತಾನ ನೋಡ" ಅಂತ ಅತ್ತಿ ಮಗನ ಕಡೆ ನೋಡಿ ನಕ್ಕರು.

ಅವತ್ತ ನೀರು ಬಿಟ್ಟಿದ್ರು. ಮಗಳು ಅಪ್ಪನ ಜೋಡಿ ರಾಫ್ಟಿಂಗಿಗೆ ಹೋದಳು. ಸಣ್ಣಾವಗ ವಯಸ್ಸು ಸಾಲದು ಅಂದ್ರು, ಅವ ಅಳಕೋತ ಉಳದ. ಅವನ್ನ ಸಮಾಧಾನ ಮಾಡಾಕ ಸಂಜೀಕ ತೆಪ್ಪ. ಮೊಸಳಿ ಅದಾವ, ಕೈ ಹೊರಗ ಹಾಕಬ್ಯಾಡ ಅಂತ ಅಂಬಿಗ ಮೊದಲ ಹೇಳಿದ. ಅತ್ತಿ ದಂಡ್ಯಾಗ ನಿಂತ ಕೇಳಿದ್ರು, "ಈ ನೀರು ಎಲ್ಲಿದಪಾ?"

"ಸೂಪಾದಿಂದ ಬಿಟ್ಟದ್ದರಿ, ಅಜ್ಜಿ."

ಸ್ವಲ್ಪ ಹೊತ್ತು ಸುಮ್ಮನ ನಿಂತ್ರು. ಆಮ್ಯಾಲ ಚಪ್ಪಲಿ ಕಳದು, ಸೀರಿ ಮ್ಯಾಲ ಲೈಫ್ ಜಾಕೆಟ್ ಹಾಕ್ಕೊಂಡು ತಾವ ಬಂದು ಕುಂತ್ರು. ನದಿ ನಡುವ ಹೋದ ಮ್ಯಾಲ ಮೊಮ್ಮಗಗ ಹೇಳಾಕ ಸುರು ಮಾಡಿದ್ರು. ಇದು ನಮ್ಮ ಮನಿ ಅಂತ ತಿಳಕೋ, ಮುಂದ ಹಲಸಿನ ಗಿಡ, ಬಾಜೂಕ ಕಿರಾಣಿ ಅಂಗಡಿ, ಆ ಕಡೆ ಗುಡಿ. ತೆಪ್ಪದ ಅಂಚಿನ ಮ್ಯಾಲ ಬೆರಳಲೇ ಓಣಿ ಬರದು ತೋರಿಸಿದ್ರು. ಇಷ್ಟ ವರ್ಷದಾಗ ನಾ ಈ ಗಿಡದ ಸುದ್ದಿ ಕೇಳಿರಲಿಲ್ಲ.

ದಂಡೀಗೆ ಬಂದು ಮೆಟ್ಟಲ ಹತ್ತೂವಾಗ ಮಾತ್ರ ಮೊಣಕಾಲ ಹಿಡಕೊಂಡು ಮೂರ ಸಲ ನಿಂತ್ರು. ಬ್ಯಾನೀನೂ ಖರೇನ ಅದರಿ. ನೀವು ಫೋನ್ ಮಾಡೂವಾಗ ನದಿಗೆ ಇಳಿಯಾಕ ಎಷ್ಟ ಮೆಟ್ಟಲ ಅದಾವ ಅಂತ ಕೇಳ್ರಿ. ನಾ ಅದೊಂದ ಕೇಳಿರಲಿಲ್ಲ.