ಆರು ನಿಮಿಷ ಮೂವತ್ತೆಂಟು ಸೆಕೆಂಡು

ಆತ್ಮೀಯ ಗೆಳತಿ,

ಧಾರವಾಡದಿಂದ ನೀವು ಬರೆದ ಪತ್ರ ಕೈಸೇರಿತು. ಮುಂಬೈ ಮ್ಯಾರಥಾನ್ ಮುಗಿಸಿದಿರಿ ಎಂದು ಓದಿ ಹಿಗ್ಗಿದೆ, ಮುಂದಿನ ಸಾಲು ಓದಿ ಮನಸ್ಸು ಭಾರವಾಯಿತು. ನಾಲ್ಕು ಗಂಟೆಯೊಳಗೆ ಮುಗಿಸಬೇಕೆಂದು ಹೊರಟವರಿಗೆ 4 ಗಂಟೆ 6 ನಿಮಿಷ 38 ಸೆಕೆಂಡು ಹಿಡಿಯಿತು. ಮೆಡಲು ಕಪಾಟು ಸೇರಿದೆ, ಶಾಲೆಯಲ್ಲಿ ಯಾರಾದರೂ ಕೇಳಿದರೆ ‘ಮುಗಿಸಿದೆ’ ಎಂದಷ್ಟೇ ಹೇಳಿ ಮಾತು ಬದಲಿಸುತ್ತೇನೆ ಎಂದು ಬರೆದಿದ್ದೀರಿ. ಕೊನೆಯಲ್ಲಿ, ‘ನಿಜ ಹೇಳಿ, ನಾನು ಸೋತೆನಾ?’ ಎಂದು ಕೇಳಿದ್ದೀರಿ.

ನಿಜವನ್ನೇ ಹೇಳುತ್ತೇನೆ. ನೀವು ಇಟ್ಟುಕೊಂಡ ಗುರಿ ತಪ್ಪಿತು. ‘ಮುಗಿಸಿದ್ದೇ ಗೆಲುವಲ್ಲವೇ’ ಎಂದು ನಿಮಗೆ ಈಗಾಗಲೇ ಹತ್ತಾರು ಜನ ಹೇಳಿರುತ್ತಾರೆ. ಮುಗಿಸಬೇಕೆಂದೇ ಹೋದವರ ಮಟ್ಟಿಗೆ ಅದು ಪೂರ್ತಿ ನಿಜ. ನೀವು ಒಂದು ಸಮಯವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರು, ಅದಕ್ಕಾಗಿ ತಿಂಗಳುಗಟ್ಟಲೆ ನಿದ್ದೆ ಬಿಟ್ಟವರು. ಕೈಗೆ ಬಂದ ತುತ್ತು ಬಾಯಿಗೆ ಬರದೇ ಹೋದರೆ ಯಾರಿಗಾದರೂ ನೋವಾಗುತ್ತದೆ. ಅದನ್ನು ಯಾರೋ ಆಡಿದ ಸಮಾಧಾನದ ಮಾತಿನಿಂದ ಮುಚ್ಚಿಡಬೇಡಿ. ಕೆಲವು ದಿನ ಬೇಸರ ಪಡಿ. ಅಷ್ಟು ಆಸೆಯಿಂದ ಮಾಡಿದ ಕೆಲಸಕ್ಕೆ ಅಷ್ಟು ಬೇಸರ ಸಲ್ಲುತ್ತದೆ. ಆಮೇಲೆ ಒಂದು ಸಂಜೆ ಕೂತು, ಓಟದಲ್ಲಿ ಆದದ್ದೇನು ಎಂದು ತಾಳ್ಮೆಯಿಂದ ನೋಡಿ. ನಿಮ್ಮ ಅಂಕಿಗಳನ್ನು ಮುಂದಿಟ್ಟುಕೊಂಡು ನಾನೂ ನೋಡಿದ್ದೇನೆ.

ಮೊದಲ ಅರ್ಧ 1 ಗಂಟೆ 57 ನಿಮಿಷ 20 ಸೆಕೆಂಡು, ಎರಡನೆಯ ಅರ್ಧ 2 ಗಂಟೆ 9 ನಿಮಿಷ 18 ಸೆಕೆಂಡು. ನಾಲ್ಕು ಗಂಟೆಗೆ ಬೇಕಾದ ಪೇಸ್ ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡು. ನೀವು ಮೊದಲರ್ಧ ಓಡಿದ್ದು 5 ನಿಮಿಷ 34ರಲ್ಲಿ. ಏಳು ಸೆಕೆಂಡು ಏನು ಮಹಾ ಎನಿಸಬಹುದು. ಆದರೆ ಮ್ಯಾರಥಾನ್‌ನಲ್ಲಿ ಬೆಳಗಿನ ಹುರುಪಿನಲ್ಲಿ ಉಳಿಸಿದ ಸೆಕೆಂಡುಗಳನ್ನು ಮೂವತ್ತನೆಯ ಕಿಲೋಮೀಟರ್ ಆದ ಮೇಲೆ ಬಡ್ಡಿ ಸಮೇತ ತೀರಿಸಬೇಕಾಗುತ್ತದೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ದೇಹ ಕೂಡಿಟ್ಟುಕೊಳ್ಳುವ ಸಕ್ಕರೆ ಸುಮಾರು 2,000 ಕ್ಯಾಲೊರಿಯಷ್ಟು. ಅರವತ್ತು ಕಿಲೋ ತೂಕದವರಿಗೆ ಪೂರ್ತಿ ಓಟಕ್ಕೆ ಹೆಚ್ಚುಕಡಿಮೆ 2,500 ಕ್ಯಾಲೊರಿ ಬೇಕು. ಮಿಕ್ಕದ್ದನ್ನು ಕೊಬ್ಬಿನಿಂದ ತೆಗೆಯಬಹುದು, ಆದರೆ ಕೊಬ್ಬು ನಿಧಾನವಾಗಿ ಉರಿಯುತ್ತದೆ, ಅದನ್ನೇ ನಂಬಿದರೆ ಪೇಸ್ ಕುಸಿಯುತ್ತದೆ. ವೇಗ ಹೆಚ್ಚಿದಷ್ಟೂ ದೇಹ ಸಕ್ಕರೆಯನ್ನೇ ಹೆಚ್ಚು ಕೇಳುವುದರಿಂದ ನಿಮ್ಮ ಆ ಏಳು ಸೆಕೆಂಡು ಉಗ್ರಾಣವನ್ನು ಬೇಗ ಖಾಲಿ ಮಾಡಿತು. ಓಟಗಾರರು ‘ವಾಲ್’ ಎನ್ನುವುದು ಇದನ್ನೇ. ಅದು ಎದುರಾಗುವುದು ಹೆಚ್ಚಾಗಿ 30ರಿಂದ 35ನೇ ಕಿಲೋಮೀಟರಿನ ನಡುವೆ. ಮುಂಬೈಯಲ್ಲಿ ಪೆಡ್ಡರ್ ರಸ್ತೆಯ ಏರು ಕಾಲು ಸೋತ ಆ ಹೊತ್ತಿಗೇ ಎದುರು ಬರುತ್ತದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ, ನೀವೇ ಹತ್ತಿದ್ದೀರಿ. ದಾರಿಯಲ್ಲಿ ತೆಗೆದುಕೊಂಡದ್ದು ಎರಡೇ ಎನರ್ಜಿ ಜೆಲ್ ಎಂದಿದ್ದೀರಿ. ಅಷ್ಟು ಹೊತ್ತಿನ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆಯಂಶ ಒಳಗೆ ಹೋಗುತ್ತಿರಬೇಕು ಎನ್ನುತ್ತಾರೆ. ಒಂದು ಜೆಲ್‌ನಲ್ಲಿ ಇರುವುದು ಇಪ್ಪತ್ತು, ಇಪ್ಪತ್ತೈದು ಗ್ರಾಂ.

ಇನ್ನು ಹವೆ. ನೀವು ತಯಾರಾದದ್ದು ಧಾರವಾಡದ ಡಿಸೆಂಬರಿನಲ್ಲಿ, ಬೆಳಗಿನ ಐದಕ್ಕೆ ವಿಶ್ವವಿದ್ಯಾಲಯದ ಆವರಣದ ಏರುಗಳಲ್ಲಿ, ಕೆಲಗೇರಿ ಕೆರೆಯ ಕಡೆಯ ತಣ್ಣನೆಯ ಗಾಳಿಯಲ್ಲಿ. ಓಡಿದ್ದು ಕಡಲ ತೀರದ ಊರಿನಲ್ಲಿ. ಅಲ್ಲಿ ಕತ್ತಲಲ್ಲೇ ಹೊರಟರೂ ಕೊನೆಯ ಗಂಟೆ ಬಿಸಿಲಿನದೇ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಹರಿದು ಬೀಳುತ್ತದೆಯೇ ಹೊರತು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ಆಗ ಹೃದಯಕ್ಕೆ ಎರಡು ಕೆಲಸ: ಕಾಲಿಗೂ ರಕ್ತ ಕಳಿಸಬೇಕು, ಮೈ ತಣಿಸಲು ಚರ್ಮಕ್ಕೂ ಕಳಿಸಬೇಕು. ಅದೇ ಪೇಸ್‌ಗೆ ಬಡಿತ ಏರುತ್ತಾ ಹೋಗುತ್ತದೆ. ಹೊಸ ಹವೆಗೆ ದೇಹ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಶನಿವಾರ ಬೆಳಿಗ್ಗೆ ರೈಲಿಳಿದು ಭಾನುವಾರ ಬೆಳಿಗ್ಗೆ ಓಡುವವರಿಗೆ ಆ ಅವಕಾಶವೆಲ್ಲಿ? ಬಿಸಿಲು ಏರಿದಷ್ಟೂ ಮುಂಚೂಣಿಯ ಓಟಗಾರರಿಗಿಂತ ನಮ್ಮಂಥವರ ಸಮಯ ಹೆಚ್ಚು ಹಾಳಾಗುತ್ತದೆ ಎಂದು ಅಧ್ಯಯನಗಳೂ ಹೇಳುತ್ತವೆ. ನಾವು ರಸ್ತೆಯ ಮೇಲೆ ಹೆಚ್ಚು ಹೊತ್ತು ಇರುತ್ತೇವಲ್ಲ.

ಇನ್ನೊಂದು ಸಂಗತಿ ನಿಮ್ಮ ಪತ್ರದಲ್ಲೇ ಇತ್ತು. ‘ವಾಚು 42.6 ಕಿಲೋಮೀಟರ್ ತೋರಿಸಿತು, ವಾಚೇ ಕೆಟ್ಟಿರಬೇಕು’ ಎಂದು ಬರೆದಿದ್ದೀರಿ. ಜಿಪಿಎಸ್‌ನಲ್ಲಿ ತುಸು ಹೆಚ್ಚುಕಡಿಮೆ ಇದ್ದದ್ದೇ, ಆದರೆ ವಾಚು ಹೇಳಿದ್ದು ಬಹುಪಾಲು ಸರಿಯಾಗಿರಬಹುದು. ಮ್ಯಾರಥಾನ್ ದಾರಿಯನ್ನು ಅಳೆಯುವವರು ಪ್ರತಿ ತಿರುವಿನಲ್ಲೂ ರಸ್ತೆಯಂಚಿನಿಂದ 30 ಸೆಂಟಿಮೀಟರ್ ಬಿಟ್ಟು, ಓಡಲು ಸಾಧ್ಯವಿರುವ ಅತಿ ಹತ್ತಿರದ ಗೆರೆಯಲ್ಲಿ ಅಳೆಯುತ್ತಾರೆ. ದಾರಿ ಕಡಿಮೆ ಬೀಳಬಾರದೆಂದು ಸಾವಿರಕ್ಕೊಂದರಷ್ಟು, ಅಂದರೆ 42 ಮೀಟರ್ ಸೇರಿಸಿಯೇ ಇಡುತ್ತಾರೆ. ಸಾವಿರಾರು ಜನರ ನಡುವೆ ಆ ಗೆರೆ ಹಿಡಿದು ಓಡುವುದು ಯಾರಿಗೆ ಸಾಧ್ಯ? ನೀರಿನ ಟೇಬಲ್ಲಿಗೆ ಎಡಕ್ಕೆ ಹೋಗುತ್ತೇವೆ, ಮುಂದಿನವರನ್ನು ದಾಟಲು ಬಲಕ್ಕೆ ಬರುತ್ತೇವೆ. ಹಾಗೆ ಕೂಡಿದ 400 ಮೀಟರನ್ನು ನಿಮ್ಮ ಕಡೆಕಡೆಯ ಪೇಸ್‌ನಲ್ಲಿ ಲೆಕ್ಕ ಹಾಕಿದರೆ ಎರಡೂವರೆ ನಿಮಿಷ. ಕಳೆದುಹೋದ ಆರೂವರೆ ನಿಮಿಷದಲ್ಲಿ ಅಷ್ಟು ಅಲ್ಲಿ ಸಿಕ್ಕಿತು ನೋಡಿ.

ಇವನ್ನೆಲ್ಲ ನೆಪವಾಗಿ ಹೇಳುತ್ತಿಲ್ಲ. ನೆಪದಿಂದ ಮುಂದಿನ ಓಟಕ್ಕೆ ಏನೂ ದಕ್ಕುವುದಿಲ್ಲ, ಕಾರಣ ತಿಳಿದರೆ ದಕ್ಕುತ್ತದೆ. ಆ ಬೆಳಿಗ್ಗೆ ನಿಮ್ಮಲ್ಲಿ ಛಲ ಕಡಿಮೆಯಾಯಿತು, ಮನಸ್ಸು ದುರ್ಬಲವಾಯಿತು ಎಂದು ಬರೆದುಕೊಂಡಿದ್ದೀರಲ್ಲ, ಆ ಒಂದು ಸಾಲನ್ನು ದಯವಿಟ್ಟು ಹೊಡೆದುಹಾಕಿ. ಅಂಕಿಗಳಲ್ಲಿ ಎಲ್ಲಿಯೂ ಅದಕ್ಕೆ ಆಧಾರವಿಲ್ಲ. ಸಕ್ಕರೆ ತೀರಿದ ಕಾಲಿನಲ್ಲಿ, ಬಿಸಿಲಿನಲ್ಲಿ, ಒಮ್ಮೆಯೂ ಕೂರದೆ ನೀವು ಮರೀನ್ ಡ್ರೈವ್ ದಾಟಿ ಬಂದು ಓಟ ಮುಗಿಸಿದ್ದೀರಿ. ಮನಸ್ಸು ಸೋತಿದ್ದರೆ ಅದು ಆಗುತ್ತಿರಲಿಲ್ಲ.

ಈಗ ಆ ನಾಲ್ಕು ಗಂಟೆಯ ಮಾತಿಗೆ ಬರೋಣ. ಅದಕ್ಕೂ ಮೊದಲು ದೂರದ ಮಾತು. ನಾವು ಇಷ್ಟು ತಲೆ ಕೆಡಿಸಿಕೊಳ್ಳುವ 42.195 ಕಿಲೋಮೀಟರ್ ಎಂಬ ಅಳತೆ ಎಲ್ಲಿಂದ ಬಂತು? 1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಇದ್ದದ್ದು ಸುಮಾರು 40 ಕಿಲೋಮೀಟರ್. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದಲ್ಲಿ ರಾಜಮನೆತನದವರು ಕುಳಿತ ಜಾಗದ ಮುಂದೆ ಮುಗಿಯಲೆಂದು ದಾರಿ ಹಾಕಿದರು, ಅದು 42.195 ಆಯಿತು. ಅದನ್ನೇ ಕಾಯಂ ಮಾಡಿದ್ದು 1921ರಲ್ಲಿ. ನಡುವಿನ ವರ್ಷಗಳಲ್ಲಿ ಒಂದೊಂದು ಒಲಿಂಪಿಕ್ಸ್‌ಗೂ ಒಂದೊಂದು ಅಳತೆ.

ಈ ಕತೆಯಲ್ಲಿ ನಿಮ್ಮ ನೆರೆಯೂರಿನವರೊಬ್ಬರಿದ್ದಾರೆ. ಬೆಳಗಾವಿಯ ಫಡೆಪ್ಪ ಚೌಗುಲೆ 1920ರ ಆ್ಯಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿದರು. ದೋರಾಬ್ಜಿ ಟಾಟಾ ಅವರ ಆಸಕ್ತಿ, ನೆರವಿನಿಂದ ಹಡಗೇರಿದ ಪುಟ್ಟ ತಂಡ ಅದು. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ಆ ವರ್ಷದ ದಾರಿ 42.75 ಕಿಲೋಮೀಟರ್, ಒಲಿಂಪಿಕ್ಸ್ ಇತಿಹಾಸದಲ್ಲೇ ಅತಿ ಉದ್ದದ್ದು. ಈಗಿನ ಅಳತೆಗಿಂತ 555 ಮೀಟರ್ ಹೆಚ್ಚು! ನೀವು ಗಣಿತ ಕಲಿಸುವವರು, ಲೆಕ್ಕ ಹಾಕಿ ನೋಡಿ: ಅದೇ ಪೇಸ್‌ನಲ್ಲಿ ಇಂದಿನ ದೂರ ಓಡಿದ್ದರೆ 2 ಗಂಟೆ 48 ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ದಾಖಲೆಯಲ್ಲಿ ಇರುವುದು ಮಾತ್ರ 2:50:45. ಆ ಅಂಕಿ ಏನೇ ಇರಲಿ, ಇಂದಿನ ಬೂಟು, ಜೆಲ್, ವಾಚು ಯಾವುದೂ ಇಲ್ಲದ ಕಾಲದಲ್ಲಿ ಸಮುದ್ರ ದಾಟಿ ಹೋಗಿ ಅವರು ಅಷ್ಟು ದೂರ ಓಡಿದರು. ಗಡಿಯಾರದ ಅಂಕಿ ಅದರಲ್ಲಿ ಒಂದು ಪಾಲನ್ನಷ್ಟೇ ಹೇಳುತ್ತದೆ.

ದೂರದಂತೆ ನಾಲ್ಕು ಗಂಟೆಯ ಗೆರೆಯೂ ನಾವೇ ಎಳೆದುಕೊಂಡದ್ದು. ಗಂಟೆಗೆ ಅರವತ್ತು ನಿಮಿಷ ಎಂದು ಎಣಿಸುವ ಪದ್ಧತಿಯಿಂದಾಗಿ ನಮಗೆ ಅದು ದುಂಡು ಅಂಕಿಯಾಗಿ ಕಾಣುತ್ತದೆ, 3:59ಕ್ಕೂ 4:01ಕ್ಕೂ ನಡುವೆ ದೇಹಕ್ಕೆ ಯಾವ ಗಡಿಯೂ ಇಲ್ಲ. ಅಮೆರಿಕದ ನಾಲ್ವರು ಸಂಶೋಧಕರು ಸುಮಾರು 98 ಲಕ್ಷ ಮ್ಯಾರಥಾನ್ ಫಲಿತಾಂಶಗಳನ್ನು ಜಾಲಾಡಿ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೂರು ಗಂಟೆ, ಮೂರೂವರೆ, ನಾಲ್ಕು ಗಂಟೆ ಎಂಬ ಗೆರೆಗಳ ಸ್ವಲ್ಪ ಈಚೆಗೆ ಜನ ಗುಂಪುಗುಂಪಾಗಿ ಮುಗಿಸುತ್ತಾರೆ, ಗೆರೆ ದಾಟಿದ ಕೂಡಲೇ ಸಂಖ್ಯೆ ತಟ್ಟನೆ ಇಳಿಯುತ್ತದೆ. ಗೆರೆ ಕೈಗೆಟಕುವಂತಿದ್ದರೆ ಕೊನೆಯ ಎರಡು ಕಿಲೋಮೀಟರಿನಲ್ಲಿ ಎಲ್ಲಿಂದಲೋ ಬಲ ತಂದುಕೊಂಡು ಓಡುತ್ತಾರೆ. ಅಂದರೆ ಗುರಿಗೆ ನಿಜವಾದ ಶಕ್ತಿಯಿದೆ.

ನಾನು ನಿಮಗೆ ಹೇಳಬೇಕೆಂದಿರುವುದು ಇದು: ಆ ಶಕ್ತಿ ಕೆಲಸ ಮಾಡುವುದು ಓಟಕ್ಕೆ ಮುಂಚೆ ಮತ್ತು ಓಡುವಾಗ. ನಾಲ್ಕು ಗಂಟೆ ಎಂಬ ಆ ಗುರಿ ಇಲ್ಲದಿದ್ದರೆ ನೀವು ಮಳೆಗಾಲದಲ್ಲಿ ನಾಲ್ಕೂವರೆಗೆ ಏಳುತ್ತಿದ್ದಿರಾ? ಭಾನುವಾರದ 32 ಕಿಲೋಮೀಟರ್ ಲಾಂಗ್ ರನ್ ಮುಗಿಸಿ ಬಂದು, ಮನೆಮಂದಿಗೆ ಉಪ್ಪಿಟ್ಟು ಮಾಡಿ, ಮಧ್ಯಾಹ್ನ ಉತ್ತರಪತ್ರಿಕೆ ತಿದ್ದುತ್ತಿದ್ದಿರಾ? ಮುಂಚೆ ಐದು ಕಿಲೋಮೀಟರಿಗೆ ಏದುಸಿರು ಬಿಡುತ್ತಿದ್ದವರು ಈಗ ಎರಡು ಗಂಟೆ ಮಾತಾಡುತ್ತಾ ಓಡಬಲ್ಲಿರಿ. ಹೃದಯ, ಶ್ವಾಸ, ಸ್ನಾಯು ಎಲ್ಲದರಲ್ಲೂ ಆದ ಆ ಬದಲಾವಣೆಯನ್ನು ತಂದದ್ದು ಆ ಗುರಿಯೇ. ಓಟ ಮುಗಿದ ಗಳಿಗೆಯಲ್ಲಿ ಅದರ ಕೆಲಸ ಮುಗಿಯಿತು. ಇನ್ನು ಅದರಿಂದ ನಿಮ್ಮನ್ನೇ ಅಳೆದುಕೊಳ್ಳಲು ಹೋಗಬೇಡಿ. 2.8 ಪರ್ಸೆಂಟ್ ಹೆಚ್ಚು ಹೊತ್ತು ಹಿಡಿಯಿತೆಂದು ಅಷ್ಟೂ ತಿಂಗಳ ದುಡಿಮೆಯನ್ನು ಸೊನ್ನೆ ಎನ್ನುವುದು ಗಣಿತದ ಮೇಡಂಗೆ ಒಪ್ಪುವ ಲೆಕ್ಕವೇ?

ಗುರಿ ತಪ್ಪಿದ ಮೇಲೂ ಮುಂದೆ ಸಾಗುವುದು ಹೇಗೆ ಎಂದು ತಿಳಿಯಲು ಮ್ಯಾರಥಾನ್ ಓಟಗಾರ ಎಲಿಯುಡ್ ಕಿಪ್‌ಚೋಗೆಯ ಓಟವನ್ನು ನೋಡಿ. 2017ರ ಮೇ 6ರಂದು ಇಟಲಿಯ ಮೊನ್ಝಾದ ರೇಸ್ ಟ್ರ್ಯಾಕಿನಲ್ಲಿ, ಎರಡು ಗಂಟೆಯೊಳಗೆ ಮ್ಯಾರಥಾನ್ ಮುಗಿಸುವ ಪ್ರಯತ್ನಕ್ಕೆಂದೇ ಎಲ್ಲ ಏರ್ಪಾಡು ಆಗಿತ್ತು. ಅವರು ಮುಗಿಸಿದ್ದು 2 ಗಂಟೆ 25 ಸೆಕೆಂಡಿಗೆ. ಕಿಲೋಮೀಟರಿಗೆ ಒಂದು ಸೆಕೆಂಡು ಕೂಡ ಅಲ್ಲ, ಅಷ್ಟರಲ್ಲಿ ತಪ್ಪಿತು. ಎರಡು ವರ್ಷ ಬಿಟ್ಟು, 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದರು. ವೇಗ ಕಾಯ್ದುಕೊಡಲು ಸರದಿಯ ಮೇಲೆ ಪೇಸರ್‌ಗಳು ಬಂದದ್ದರಿಂದ ಅದು ಅಧಿಕೃತ ದಾಖಲೆಯಾಗಲಿಲ್ಲ, ಆದರೆ ಮನುಷ್ಯನ ಕಾಲಿಗೆ ಅದು ಸಾಧ್ಯ ಎಂದು ಲೋಕ ಕಂಡಿತು. ನಡುವಿನ ಎರಡು ವರ್ಷ ಅವರು ಆ 25 ಸೆಕೆಂಡನ್ನು ನೆನೆದು ಕೊರಗುತ್ತಾ ಕೂರಲಿಲ್ಲ. 2018ರಲ್ಲಿ ಬರ್ಲಿನ್‌ನಲ್ಲಿ ವಿಶ್ವದಾಖಲೆಯನ್ನೇ ಬರೆದರು.

ನಿಮಗೆ ನನ್ನ ಸಲಹೆ ಕೆಲವೇ. ಮುಂದಿನ ತಿಂಗಳೇ ಇನ್ನೊಂದು ಮ್ಯಾರಥಾನಿಗೆ ಹೆಸರು ಕೊಟ್ಟು ‘ಸೇಡು’ ತೀರಿಸಿಕೊಳ್ಳಲು ಹೋಗಬೇಡಿ. ಮೆಟ್ಟಿಲಿಳಿಯುವಾಗಿನ ತೊಡೆನೋವು ವಾರದಲ್ಲಿ ಹೋದರೂ ಒಳಗಿನ ಸುಸ್ತು ಹೋಗಲು ಇನ್ನೂ ಕೆಲವು ವಾರ ಬೇಕು. ಅಲ್ಲಿಯವರೆಗೆ ನಡೆಯಿರಿ, ಚೆನ್ನಾಗಿ ಉಣ್ಣಿ, ಮನಸ್ಸು ಬಂದಾಗ ವಾಚು ಬಿಟ್ಟು ಸ್ವಲ್ಪ ಓಡಿ. ಮುಂದಿನ ಸಲ ತಂಪು ಹವೆಯ ಊರನ್ನು ಆರಿಸಿಕೊಳ್ಳಿ, ಮುಂಬೈಯೇ ಬೇಕೆಂದರೆ ಬಿಸಿಲೇರಿದ ಮೇಲೂ ಕೆಲವು ದಿನ ಓಡಿ ಅಭ್ಯಾಸ ಮಾಡಿಕೊಳ್ಳಿ. ಮೊದಲ ಹತ್ತು ಕಿಲೋಮೀಟರ್ 5:45ರಲ್ಲೇ ಇರಲಿ. ಜೆಲ್ ಆಗಲಿ, ಬಾಳೆಹಣ್ಣು, ಖರ್ಜೂರವಾಗಲಿ, ಹೊಟ್ಟೆಗೆ ಒಗ್ಗುವುದು ಯಾವುದು ಎಂದು ಲಾಂಗ್ ರನ್‌ಗಳಲ್ಲೇ ನೋಡಿಕೊಂಡು, ಅರ್ಧ ಗಂಟೆಗೊಮ್ಮೆ ತಪ್ಪದೆ ತೆಗೆದುಕೊಳ್ಳಿ. ಗುರಿಯನ್ನು ಮೂರು ಮಾಡಿಕೊಳ್ಳಿ: ಎಲ್ಲ ಕೂಡಿಬಂದರೆ ನಾಲ್ಕು ಗಂಟೆ, ಹವೆ ಕೈಕೊಟ್ಟರೆ 4:06:38ಕ್ಕಿಂತ ಒಂದು ಸೆಕೆಂಡಾದರೂ ಕಡಿಮೆ, ಏನೂ ಕೂಡಿಬರದಿದ್ದರೆ ಮೈಗೆ ಪೆಟ್ಟು ಮಾಡಿಕೊಳ್ಳದೆ ಮುಗಿಸುವುದು. ಒಂದೇ ಗುರಿ ಇದ್ದವರಿಗೆ ಅದು 34ನೇ ಕಿಲೋಮೀಟರಿನಲ್ಲಿ ಕೈಜಾರಿದರೆ ಉಳಿದ ಎಂಟು ಕಿಲೋಮೀಟರ್ ಓಡಲು ಏನೂ ಉಳಿಯುವುದಿಲ್ಲ.

ನಾಲ್ಕು ಗಂಟೆಯನ್ನು ಬಿಟ್ಟುಕೊಡಿ ಎಂದು ನಾನು ಹೇಳಲಾರೆ. ಅದು ನಿಮ್ಮ ಕೈಗೆಟಕುವ ಗುರಿ ಎಂದು ನಿಮ್ಮ ಮೊದಲರ್ಧವೇ ಸಾಕ್ಷಿ ಹೇಳುತ್ತದೆ. ಅದಕ್ಕೆ ಇನ್ನೊಂದು ವರ್ಷ ಬೇಕಾದರೆ ಕೊಡಿ, ಎರಡು ಬೇಕಾದರೆ ಎರಡು. ಯಾವ ಓಟಕ್ಕೆ ಹೆಸರು ಕೊಟ್ಟಿರಿ ಎಂದು ತಪ್ಪದೆ ಬರೆಯಿರಿ. ದೇವರು ಆರೋಗ್ಯ ಕೊಟ್ಟರೆ ಆ ದಿನ ನಾನೂ ಬರುತ್ತೇನೆ, ಕೊನೆಯ ಕಷ್ಟದ ಕಿಲೋಮೀಟರುಗಳಲ್ಲಿ ರಸ್ತೆ ಬದಿ ನಿಂತು ನಿಮ್ಮ ಹೆಸರು ಕೂಗುತ್ತೇನೆ.

ಮನೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ.

ಇಂತಿ,
ನಿಮ್ಮ ಓಟದ ಗೆಳತಿ