ಹೆಬ್ಬಾವಿನ ಲೆಕ್ಕ

ಮೊಮ್ಮಗನಿಗೆ ಹೆಬ್ಬಾವು ಸಾಕುವ ಆಸೆ. 'ಅಜ್ಜಾ, ಭಾಳ ಸಾಧು ಇರತಾವಂತ' ಎಂದ. ಬ್ಯಾಂಕಿನಲ್ಲಿ ಕಾರಕೂನನಾಗಿದ್ದವನು ನಾನು. ಲೆಕ್ಕ ಬರೆಯೋಣ ಎಂದು ಕೂತೆವು.

ನಮ್ಮ ದೇಶದ ಹೆಬ್ಬಾವು ಹತ್ತು ಅಡಿಗೂ ಮಿಕ್ಕಿ ಬೆಳೆಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದನ್ನು ಮನೆಯಲ್ಲಿ ಸಾಕುವುದು ಅಪರಾಧ. ಅದನ್ನು ಪಟ್ಟಿಯಿಂದ ಹೊಡೆದುಹಾಕಿದೆವು. ಉಳಿದದ್ದು ಆಫ್ರಿಕಾದ ಬಾಲ್ ಪೈಥಾನ್. ಉದ್ದ ನಾಲ್ಕೈದು ಅಡಿ, ವಿಷವಿಲ್ಲ. ಹೆದರಿದರೆ ಚೆಂಡಿನಂತೆ ಸುತ್ತಿಕೊಂಡು ತಲೆ ಮರೆಸುತ್ತದೆ. ಹೆಸರು ಬಂದದ್ದೇ ಅದರಿಂದ. ಗಾತ್ರಕ್ಕೂ ಸ್ವಭಾವಕ್ಕೂ ಪೂರ್ತಿ ಅಂಕ! ಆದರೆ ಸರಕಾರದಲ್ಲಿ ನೋಂದಣಿ ಬೇಕು, ಬೆಚ್ಚನೆಯ ಪೆಟ್ಟಿಗೆ ಬೇಕು, ತಿನ್ನಲು ಇಲಿ ಬೇಕು.

ಕೊನೆಯ ಕಾಲಂ ಆಯುಷ್ಯದ್ದು: 20ರಿಂದ 30 ವರ್ಷ. ನನಗೆ ಎಪ್ಪತ್ತು ದಾಟಿದೆ; ಅವನು ನಾಳೆ ಕಾಲೇಜಿಗೆಂದು ಊರು ಬಿಡುವವ.

'ಆಮ್ಯಾಲ ಅದನ್ನ ನೋಡ್ಕೊಳ್ಳೋರು ಯಾರಪಾ?' ಎಂದೆ.

ಬಹಳ ಹೊತ್ತು ಸುಮ್ಮನಿದ್ದು, 'ಹಂಗಾರ ಬ್ಯಾಡ ಅಜ್ಜಾ' ಎಂದ.

ನಮ್ಮ ಕೊಗನೊಳ್ಳಿಯ ಕಬ್ಬಿನ ಹೊಲಗಳಲ್ಲಿ ಇಲಿ ಹಿಡಿಯುವ ಕೇರೆಹಾವುಗಳಿವೆ. ಅವಕ್ಕೆ ಪೆಟ್ಟಿಗೆ ಬೇಡ, ನೋಂದಣಿ ಬೇಡ. ಯಾರಾದರೂ ಬಡಿಗೆ ಎತ್ತಿದರೆ 'ಅದಕ್ಕ ವಿಷ ಇಲ್ರಿ, ಬಿಡ್ರಿ' ಎಂದು ತಡೆಯುವ ಹುಡುಗ ಬೇಕು. ಈಗ ಒಬ್ಬನಿದ್ದಾನೆ.